ಅಮ್ಮ ಕಿವಿ ಮುಚ್ಚಿಕೊಂಡ ಆಲ್ಬಂ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಕಾಗದ ಕಂಡು ಗಾಬರಿಯಾಗಬೇಡ. ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದೇ ಕುಳಿತೆ. ಆದರೆ ಹಾಗೆ ಬರೆಯಲಾಗುತ್ತಿಲ್ಲ. ನನಗೆ ತುಂಬಾ ಹೆದರಿಕೆಯಾಗಿದೆ ಅಕ್ಕಾ.

ನಮ್ಮ ಬ್ಯಾಂಡಿನ ಹೊಸ ಆಲ್ಬಂ ಮುಗಿದಿದೆ. ನೀನು ಹಾಡುವುದು ಬಿಟ್ಟು ಶಾಲೆಯ ಕೆಲಸಕ್ಕೆ ಹೋದ ಮೇಲೆ ಇದೇ ಮೊದಲನೆಯದು. ರೆಗೇ, ರಾಕ್, ಅಮ್ಮನ ಜೋಗುಳದ ಧಾಟಿ, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದೇವೆ. ಎಂದಿನಂತೆ ಬೇಸ್ ಗಿಟಾರ್ ನನ್ನದು; ಯಾವ ವಾದ್ಯದ ಸದ್ದು ಎಷ್ಟಿರಬೇಕೆಂದು ಹದ ಮಾಡುವ ಮಿಕ್ಸಿಂಗ್ ಕೆಲಸವೂ ನನ್ನದೇ. ಇನ್ನು ಎರಡು ವಾರದಲ್ಲಿ ಬಿಡುಗಡೆಗೆ ಕಳಿಸಬೇಕು.

ಭಾನುವಾರ ಅಮ್ಮನನ್ನು ಸ್ಟುಡಿಯೋಗೆ ಕರೆತಂದು ಕೇಳಿಸಿದೆ. ನಾವು ಡಬ್ಬ ಬಡಿದರೂ ಹೊಗಳುವವಳು ಅವಳು, ನಿನಗೆ ಗೊತ್ತಲ್ಲ. ಜೋಗುಳದ ಹಾಡಿನಲ್ಲಿ ಡ್ರಮ್ಮಿನ ಪಕ್ಕದ ಸಿಂಬಲ್ ತಟ್ಟೆಗಳ ಸದ್ದು ಶುರುವಾಗುತ್ತಲೇ ಎರಡೂ ಕಿವಿ ಮುಚ್ಚಿಕೊಂಡಳು. 'ಅಯ್ಯೋ, ತಗಡಿನ ಮೇಲೆ ಮೊಳೆ ಎಳೆದ ಹಾಗಿದೆ, ನಿಲ್ಸೇ!' ಎಂದಳು. ನನಗೋ ಅದು ತೆಳ್ಳಗೆ, ಹಿತವಾಗಿ ಕೇಳುತ್ತಿತ್ತು. ಮೊದಲು ಕೇಳಿಸುತ್ತಲೇ ಇರಲಿಲ್ಲವೆಂದು ನಾನೇ ಹಾಡು ಹಾಡಿಗೂ ಏರಿಸುತ್ತಾ ಹೋಗಿದ್ದೆ.

ನಿನ್ನೆ ಬೆಳಿಗ್ಗೆ ಅಮ್ಮನಿಗೆ ಹಲ್ಲುನೋವೆಂದು ಸುಳ್ಳು ಹೇಳಿ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ದಪ್ಪ ಸದ್ದುಗಳಿಗೆ ಪಟಪಟ ಒತ್ತಿದೆ. ಆಮೇಲೆ ಸಣ್ಣ ಸದ್ದುಗಳು ಬರಲಿ ಎಂದು ಕಾದೆ, ಕಾದೇ ಕಾದೆ. ಡಾಕ್ಟರು ಬಾಗಿಲು ತೆಗೆದು ಪರೀಕ್ಷೆ ಮುಗಿಯಿತು ಎಂದರು. ಅವೆಲ್ಲ ಆಗಲೇ ಬಂದು ಹೋಗಿದ್ದವಂತೆ. 'ಹೋಗಿದ್ದು ವಾಪಸ್ ಬರಲ್ಲಮ್ಮ, ಉಳಿದಿದ್ದನ್ನಾದ್ರೂ ಕಾಪಾಡ್ಕೊಳ್ಳಿ' ಎಂದರು.

ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿದೆ. ಸಂಜೆ ಬ್ಯಾಂಡಿನವರಿಗೆ ಅದೇ ಹಾಡು ಹಾಕಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಕುಳಿತೆ. ಒಬ್ಬರೂ ಮುಖ ಕಿವುಚಲಿಲ್ಲ. ಕೀಬೋರ್ಡಿನವಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನಮ್ಮ ಡ್ರಮ್ಮರ್ ಗುಂಡಣ್ಣ, 'ಬೆಂಕಿ ಕಣೇ! ಸಿಂಬಲ್ ಮಾತ್ರ ಇನ್ನೊಂಚೂರು ಏರ್ಸು' ಎಂದ. ಇಷ್ಟು ವರ್ಷ ಎಲ್ಲರೂ ಅದೇ ಸ್ಪೀಕರುಗಳ ಮುಂದೆ ನಿಂತವರಲ್ಲವೇ? ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ, ಇಲ್ಲಿ ಬಾರಿಸುವವರದ್ದೇ ಆ ಗತಿ. ನಗಬೇಕೋ ಅಳಬೇಕೋ ತಿಳಿಯದೆ ಹೂಂ ಎಂದು ಒಂಚೂರು ಏರಿಸಿಬಿಟ್ಟೆ.

ನೀನು ಕಿವಿಗೆ ಹತ್ತಿ ತುರುಕಿಕೊಂಡು ಹಾಡುತ್ತಿದ್ದಾಗ 'ಅಜ್ಜಿ ಬಂದ್ಲು' ಎಂದು ಗೇಲಿ ಮಾಡುತ್ತಿದ್ದೆವು. ಈಗ ನಮ್ಮ ಗುಂಪಿನಲ್ಲಿ ನೆಟ್ಟಗಿರುವುದು ನಿನ್ನ ಕಿವಿಗಳೇ. ಹಾಡುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಕೇಳಿ, ಎಲ್ಲಿ ಚುಚ್ಚುತ್ತದೆ, ಎಷ್ಟು ಇಳಿಸಬೇಕು ಎಂದು ಬರೆ. ನೀನು ಬರೆದಷ್ಟು ಕಣ್ಣು ಮುಚ್ಚಿ ಇಳಿಸುತ್ತೇನೆ. ನನ್ನ ಕಿವಿಯನ್ನು ಇನ್ನು ನಂಬಲಾರೆ.

ಅವರಿಗೆಲ್ಲ ಹೇಳಲೇಬೇಕು, ಗೊತ್ತು. ಹೇಗೆ ಹೇಳಲಿ? ಗುಂಡಣ್ಣನಿಗೆ ಡ್ರಮ್ ಬಿಟ್ಟರೆ ಬೇರೆ ಕಸುಬಿಲ್ಲ. ನನಗಾದರೂ ಏನಿದೆ? ಇವತ್ತು ಎದ್ದ ಕೂಡಲೇ ಕಿವಿಯ ಹತ್ತಿರ ಬೆರಳು ಉಜ್ಜಿ ನೋಡಿದೆ. ಎಡಗಡೆ ಏನೂ ಇಲ್ಲ. ಬಲಗಡೆ ಇದ್ದ ಹಾಗಿತ್ತು, ಅಥವಾ ಇದೆ ಎಂದು ನಾನೇ ಅಂದುಕೊಂಡೆನೋ. ಅಮ್ಮನಿಗೆ ಸದ್ಯಕ್ಕೆ ಏನೂ ಹೇಳಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಉತ್ತರ ಬರೆದೇ ಕಳಿಸು, ಫೋನ್ ಬೇಡ. ಹೋದ ತಿಂಗಳು ನೀನು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆಯಲ್ಲ, ನನಗೆ ಒಂದು ಮಾತೂ ನೆಟ್ಟಗೆ ಕೇಳಿಸಿರಲಿಲ್ಲ. ಮತ್ತೆ ಮತ್ತೆ ಏನು ಏನು ಎನ್ನಲು ನಾಚಿಕೆಯಾಗಿ, ನಕ್ಕು, 'ಒಳ್ಳೇದೇ ಆಯ್ತು ಬಿಡೇ' ಎಂದುಬಿಟ್ಟೆ. ನೀನು ಆವತ್ತು ಅಳುತ್ತಿದ್ದೆ ಎಂದು ಭಾವ ಮೊನ್ನೆ ಸಿಕ್ಕಾಗ ಹೇಳಿದರು. ಯಾಕೆ ಎಂದರೆ, 'ನಿಂಗೆ ಗೊತ್ತಿಲ್ವಾ?' ಎಂದು ಮುಖ ತಿರುಗಿಸಿಕೊಂಡು ಹೋದರು. ನೀನು ಏನು ಹೇಳಿದೆ ಅಕ್ಕಾ ಆವತ್ತು?