ಹೊಸ ಬ್ಲೇಡು ಯಾರಿಗೆ?

ಲಕ್ಕೂರು ಹೋಬಳಿ, ಮಾಲೂರು ತಾಲ್ಲೂಕು
9-2-2025, ಭಾನುವಾರ

ಪ್ರೀತಿಯ ತಂಗಿ ಸುನಂದಳಿಗೆ,

ನಿನ್ನ ಅಕ್ಕ ಗಂಗರತ್ನ ಮಾಡುವ ಆಶೀರ್ವಾದ. ನಾನು ಗಟ್ಟಿಯಾಗಿದ್ದೀನಿ. ನಿನ್ನ ಮಗಳು ರಂಜಿತ, ಅವಳ ಕೂಸು ಇಬ್ಬರೂ ಚೆನ್ನಾಗಿದ್ದಾರೆ ಅಂದ್ಕೊಂಡಿದ್ದೀನಿ. ನಾಮಕರಣದ ಕಾರ್ಡು ಮೊಬೈಲಿಗೆ ಬಂದು ಹತ್ತು ದಿನ ಆಯ್ತು, ಉತ್ತರ ಕೊಡಲಿಲ್ಲ, ತಪ್ಪು ನಂದೇ. ಫೋನ್ ಮಾಡಬಹುದಿತ್ತು. ಆದರೆ ಮಾತು ಸ್ವಲ್ಪ ಬಿಗಿಯಾದರೆ ಸಾಕು, "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣಕ್ಕಾ" ಅಂತ ಇಟ್ಟುಬಿಡ್ತೀಯ. ಕಾಗದಕ್ಕೆ ಆ ನೆಪ ನಡೆಯಲ್ಲ. ಕೂತು ಓದು. ನಾಮಕರಣಕ್ಕೆ ಬರ್ತೀನೋ ಇಲ್ಲವೋ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಇಲ್ಲಿ ದೊಡ್ಡ ರಾದ್ಧಾಂತ ಆಗೋಯ್ತು ಕಣೇ. ಇಟ್ಟಿಗೆ ಗೂಡಿಗೆ ಒಡಿಶಾದಿಂದ ಬಂದ ಕೂಲಿಯವರಿಗೆ ಎಚ್‌ಐವಿ ಬಗ್ಗೆ ತಿಳಿಸಿ, ರಕ್ತಪರೀಕ್ಷೆಗೆ ಕರ್ಕೊಂಡು ಬರೋದು ನನ್ನ ಕೆಲಸ, ನಿನಗೆ ಗೊತ್ತಲ್ಲ. ಊರವರಿಗೂ ಅದನ್ನೇ ಹೇಳ್ತೀನಿ. ಕಟಿಂಗ್ ಷಾಪಿನ ಮುನಿಯಲ್ಲಪ್ಪನಿಗೂ ಹೇಳಿದ್ದೆ, "ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕಬೇಡಪ್ಪ" ಅಂತ. ಪುಣ್ಯಾತ್ಮ ತಲೆ ಆಡಿಸಿದ. ಮಾಡಿದ್ದೇನು ಗೊತ್ತಾ? ಗೂಡಿನವರು ಬಂದರೆ ಹೊಸ ಬ್ಲೇಡು, ನಮ್ಮೂರವರು ಬಂದರೆ ಹಳೇದೇ! ಯಾಕಯ್ಯಾ ಅಂದರೆ, "ನಮ್ಮೋರಿಗೇನಿರುತ್ತಕ್ಕಾ, ಹುಟ್ಟಿದಾಗಿಂದ ನೋಡಿರೋ ತಲೆಗಳು" ಅಂದ.

ಅದನ್ನ ನೋಡಿದ ಜನ ಸುಮ್ಮನಿರ್ತಾರಾ? ಗೂಡಿನವರಿಗೆ ಮಾತ್ರ ಬ್ಲೇಡು ಬದಲಾಯಿಸ್ತಾನೆ ಅಂದಮೇಲೆ ಅವರಿಗೆಲ್ಲ ಆ ಕಾಯಿಲೆ ಇದೆ ಅಂತ ತೀರ್ಮಾನ ಮಾಡಿಬಿಟ್ಟರು. ಎರಡೇ ದಿನಕ್ಕೆ ಫಿಲ್ಟರ್ ನೀರಿನ ನಲ್ಲಿ ಹತ್ತಿರ ಗೂಡಿನ ಹೆಂಗಸರ ಕ್ಯಾನುಗಳನ್ನ ಒದ್ದು ಉರುಳಿಸಿದರು. ತುಂಬಿದ ಬಸುರಿ ಒಬ್ಬಳು ಖಾಲಿ ಕ್ಯಾನು ಎತ್ಕೊಂಡು ವಾಪಸ್ಸು ಹೋದಳು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅರಳಿಕಟ್ಟೆ ಹತ್ತಿರ ಸಭೆ ಸೇರಿದರು. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದ ರಾಮಚಂದ್ರಪ್ಪ ಎದ್ದು, "ಊರಿಗೆ ರೋಗ ತಂದಿರೋರು ಅವರೇ, ಸೋಮವಾರದೊಳಗೆ ಗೂಡು ಖಾಲಿ ಮಾಡಬೇಕು" ಅಂದ. ನೀರಿನಿಂದ ಬರಲ್ಲ, ಮುಟ್ಟಿದರೆ ಬರಲ್ಲ ಅಂತ ನಾನು ನೂರನೇ ಸಲ ಹೇಳಿದೆ. "ನಿನಗೇನಮ್ಮ, ಸಂಬಳಕ್ಕೆ ಹೇಳ್ತೀಯ" ಅಂದುಬಿಟ್ಟ.

ಬಂದೇಬಿಡ್ತು ಕಣೇ ಬಾಯಿಂದ. "ಸಂಬಳಕ್ಕಲ್ಲ ರಾಮಚಂದ್ರಪ್ಪನೋರೆ, ನನಗೇ ಇದೆ! ಹನ್ನೊಂದು ವರ್ಷದಿಂದ ಇದೆ. ದಿನಾ ಮಾತ್ರೆ ನುಂಗ್ತೀನಿ, ನಿಮಗಿಂತ ಗಟ್ಟಿಯಾಗಿದ್ದೀನಿ. ಯಾವ ಗೂಡಿನೋನೂ ತಂದುಕೊಟ್ಟಿದ್ದಲ್ಲ, ನನಗೆ ತಾಳಿ ಕಟ್ಟಿದೋನು ಈ ಊರಿನೋನೇ. ನಿಮ್ಮ ಮಗಳ ಮದುವೇಲಿ ಹೋಳಿಗೆ ತಟ್ಟಿದ್ದು ಇದೇ ಕೈ. ನಿಮ್ಮ ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಇದೇ ಕೈ. ಯಾರಿಗೇನಾಯ್ತು? ಓಡಿಸೋದಾದರೆ ಮೊದಲು ನನ್ನನ್ನ ಓಡಿಸಿ. ನಾನಂತೂ ಹೋಗಲ್ಲ!"

ಗಂಡಸರೆಲ್ಲ ತಲೆ ತಗ್ಗಿಸಿ ಚಪ್ಪಲಿ ನೋಡ್ಕೊಂಡು ಕೂತರು. ನಾನು ಕೂರಲಿಲ್ಲ. ಎದುರು ಮನೆ ಜಗಲಿ ಮೇಲೆ ರಾಮಚಂದ್ರಪ್ಪನ ತಾಯಿ ಕಾಫಿ ಕುಡೀತಾ ಇದ್ದರು. ಎಂಬತ್ತು ದಾಟಿದ ಮುದುಕಿ, ಬಾಯಿ ತೆಗೆದರೆ ತೆಲುಗೇ. ಕೋಲೂರಿಕೊಂಡು ಬಂದು ಮಗನಿಗೆ "ನೋರು ಮುಯ್ರಾ", ಬಾಯಿ ಮುಚ್ಚೋ, ಅಂತ ಗದರಿದರು. ಆಮೇಲೆ ತಾವು ಕುಡೀತಿದ್ದ ಸ್ಟೀಲ್ ಲೋಟ ನನ್ನ ಕೈಗಿಟ್ಟರು. ನಾನು ಎರಡು ಗುಟುಕು ಕುಡಿದೆ. ಲೋಟ ವಾಪಸ್ಸು ಇಸ್ಕೊಂಡು, ಎಲ್ಲರೂ ನೋಡ್ತಾ ಇದ್ದ ಹಾಗೇ ಮಿಕ್ಕಿದ್ದನ್ನ ಅವರೇ ಕುಡಿದರು. ಆಮೇಲೆ ಸೋಮವಾರದ ಮಾತು ಯಾರೂ ಎತ್ತಲಿಲ್ಲ.

ನಿನ್ನೆ ಪರೀಕ್ಷೆಯ ಕ್ಯಾಂಪು ಇತ್ತು. ಊರವರಿಗೊಂದು ಸಾಲು, ಗೂಡಿನವರಿಗೊಂದು ಸಾಲು ಮಾಡಿ ಅಂತ ಯಾರೋ ಅಂದರು. ಒಂದೇ ಸಾಲು, ಇಷ್ಟ ಇದ್ದರೆ ನಿಲ್ಲಿ ಅಂದೆ. ಊರವರು ಹದಿನಾಲ್ಕು ಜನ ನಿಂತರು. ಮುನಿಯಲ್ಲಪ್ಪನೂ ನಿಂತ, ಈಗ ಅವನ ಷಾಪಿನಲ್ಲಿ ಎಲ್ಲರಿಗೂ ಹೊಸ ಬ್ಲೇಡೇ. ಹಾಗಂತ ಎಲ್ಲಾ ಸರಿಹೋಯ್ತು ಅಂದ್ಕೋಬೇಡ. ಪಕ್ಕದ ಮನೆಯವಳು ನನ್ನ ಕಂಡರೆ ಬಾಗಿಲು ಹಾಕ್ಕೋತಾಳೆ. ಹಾಕ್ಕೊಳ್ಳಲಿ. ಗೂಡಿನವರು ನೀರು ಹಿಡಿಯೋವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ, ಯಾರು ಒದೀತಾರೋ ನೋಡೋಣ.

ರಂಜಿತ ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ಕೂಸು ನೂರು ವರ್ಷ ಬಾಳಲಿ, ಯಾರಿಗೂ ಹೆದರದೆ ಬಾಳಲಿ.

ಇಂತಿ ನಿನ್ನ ಅಕ್ಕ,
ಗಂಗರತ್ನ

ತಾ.ಕ.: ಇದನ್ನ ಮರೆತಿದ್ದೆ ಅಂತ ಸುಳ್ಳು ಹೇಳಲ್ಲ, ಬೇಕಂತಲೇ ಕೊನೆಗಿಟ್ಟೆ. ಕಾರ್ಡಿನ ಕೆಳಗೆ "ದೂರ ಆಗುತ್ತೆ, ಬರದಿದ್ದರೂ ಪರವಾಗಿಲ್ಲ ಅಕ್ಕ" ಅಂತ ಬರೆದಿದ್ದೀಯ. ನಿನ್ನ ತಾಯಲೂರು ನನಗೆ ಯಾವತ್ತು ದೂರ ಆಗಿತ್ತೇ? ಹನ್ನೊಂದು ವರ್ಷ ಈ ವಿಷಯ ಗೊತ್ತಿದ್ದದ್ದು ನಿನಗೊಬ್ಬಳಿಗೇ. ಮೊದಲನೇ ಸಲ ಮಾತ್ರೆ ತರೋಕೆ ಆಸ್ಪತ್ರೆಗೆ ನನ್ನ ಕೈ ಹಿಡ್ಕೊಂಡು ಬಂದೋಳು ನೀನೇ. ಅಂಥೋಳು ರಂಜಿತಳ ಸೀಮಂತದ ದಿನ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ನನಗೊಬ್ಬಳಿಗೆ ಪೇಪರ್ ಲೋಟದಲ್ಲಿ ಕೊಟ್ಟೆ. ನಗ್ತಾ ಕುಡಿದೆ. ವಾಪಸ್ಸು ಬರೋವಾಗ ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಹದಿನಾರನೇ ತಾರೀಖು ನಾಮಕರಣಕ್ಕೆ ಮೊದಲನೇ ಬಸ್ಸಿಗೇ ಬರ್ತೀನಿ. ಕೂಸನ್ನ ನನ್ನ ಮಡಿಲಿಗೆ ಹಾಕು. ಆಗಲ್ಲ ಅನ್ನೋದಾದರೆ ನನ್ನ ಮುಖ ನೋಡಿ ನೀನೇ ಹೇಳು, ಪೇಪರ್ ಲೋಟದ ಕೈಲಿ ಹೇಳಿಸಬೇಡ.