ಬಾಗಿಲಿಗೆ ನೇತುಹಾಕಿದ್ದ ಕಡುಬು

ಸುಹಾಸ್,

ಕಂಪ್ಯೂಟರ್ ಪ್ರೋಗ್ರಾಂ ಮತ್ತೆ ಕೈಕೊಟ್ಟಿದೆ, ಭಾನುವಾರವಾದರೂ ಆಫೀಸಿಗೆ ಹೊರಟಿದ್ದೇನೆ.

ಆನ್ಸರಿಂಗ್ ಮಷೀನಿನಲ್ಲಿ ಪ್ರೇರಣಾಳ ಮೆಸೇಜ್ ಇದೆ, ಅಳಿಸುವ ಮೊದಲು ಕೇಳು. "ಆಸ್ಟಿನ್‌ನಿಂದ ಸುಸ್ತಾಗಿ ಬರ್ತೀರಾ, ಅಡುಗೆ ಮಾಡೋಕೆ ಹೋಗ್ಬೇಡಿ. ಹಬ್ಬದ ಕಡುಬು ಬಾಗಿಲಿಗೆ ನೇತುಹಾಕಿದೀನಿ" ಅಂದಿದ್ದಾಳೆ. ನಿನ್ನೆ ಬೆಲ್ ಆದಾಗ ಟೀವಿ ಸದ್ದು ಅಡಗಿಸಿ, ಉಸಿರು ಬಿಗಿಹಿಡಿದು ಕೂತಿದ್ದೆವಲ್ಲ, ಬಂದಿದ್ದು ಅವಳೇ. ಕೆಳಗೆ ನಮ್ಮ ಎರಡೂ ಕಾರು ನಿಂತಿದ್ದವು. ನೋಡದೆ ಇರುತ್ತಾಳಾ?

ವಾರವಿಡೀ ದುಡಿದು ಸಾಕಾಗಿದೆ, ಗಣೇಶನ ಹಬ್ಬಕ್ಕೆ ಅವಳ ಮನೆಗೆ ಹೋಗುವುದು ಬೇಡ, ಆಸ್ಟಿನ್‌ಗೆ ಹೋಗ್ತೀವಿ ಅಂತ ಸುಳ್ಳು ಹೇಳು ಅಂದಿದ್ದು ನೀನು. ಹೇಳಿದ್ದು ನಾನು. ದಿನವಿಡೀ ಮಲಗಿದ್ದೇನೋ ಆಯಿತು, ನನಗಂತೂ ಹಾಯೆನಿಸಲಿಲ್ಲ. ಈ ಊರಲ್ಲಿ ನಮ್ಮ ಊಟವಾಯಿತಾ ಅಂತ ಯೋಚಿಸುವವಳು ಅವಳೊಬ್ಬಳು.

ಕಡುಬು ತಟ್ಟೆಯಲ್ಲಿ ಮುಚ್ಚಿಟ್ಟಿದ್ದೇನೆ. ಅವಳ ಡಬ್ಬಿ ಖಾಲಿ ಕೊಡಬಾರದು, ಚಿತ್ರಾನ್ನ ಮಾಡಿ ತುಂಬಿದ್ದೇನೆ. ಸ್ನಾನ ಮಾಡಿ ಯೂಲೆಸ್‌ನ ಅವಳ ಮನೆಗೆ ಹೋಗಿ ಕೊಟ್ಟು ಬಾ. ಆಸ್ಟಿನ್ ಹೇಗಿತ್ತು ಅಂತ ಕೇಳಿದರೆ, ಹೋಗಿರಲಿಲ್ಲ ಅನ್ನು.

ಬಾಗಿಲಿಗೆ ನೇತುಹಾಕಿ ಓಡಿ ಬರಬೇಡ. ಬೆಲ್ ಒತ್ತಿ, ಅವಳು ಬಂದು ತೆಗೆಯುವ ತನಕ ನಿಂತಿರು.

ವಿನುತಾ