ಎರಡನೇ ತಟ್ಟೆಯ ಕೊಬ್ಬರಿ

ಅರಸೀಕೆರೆ
೧೪-೩-೧೯೯೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ಬೆಳಿಗ್ಗೆ ಮೈದಾನದಲ್ಲಿ ಬರಿಯ ಕಲ್ಲಿನ ಮೇಲೆ ಕೂರಬೇಡ, ಒಂದು ಗೋಣಿಯನ್ನಾದರೂ ಹಾಸಿಕೋ ಎಂದು ಬರೆಯಲು ಅಜ್ಜಿ ಹೇಳಿದ್ದಾಳೆ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯವರೆಲ್ಲ ಕ್ಷೇಮವಷ್ಟೆ? ಮೇಘಾಳ ಹೊಟ್ಟೆ ಸರಿಹೋಯಿತೇ? ಅವಳನ್ನು ಕೊನೆಗೆ ವಿಚಾರಿಸಿದ್ದೇನೆ ಎಂಬುದನ್ನು ನೀನು ಗಮನಿಸುತ್ತೀಯ ಎಂದು ಗೊತ್ತು. ಬೇಕೆಂದೇ ಹಾಗೆ ಬರೆದೆ.

ಇಲ್ಲಿ ಮೂವರೂ ಆರೋಗ್ಯವಾಗಿದ್ದೇವೆ. ಅಪ್ಪ ಎಂದಿನಂತೆ ಎಂಟು ಗಂಟೆಗೆ ಕೊಬ್ಬರಿ ಮಂಡಿಯ ಬಾಗಿಲು ತೆಗೆಯುತ್ತಾರೆ. ಅಜ್ಜಿಯ ಸಾರಿಗೆ ಒಂದು ದಿನ ಎರಡು ಸಲ ಉಪ್ಪು ಬಿದ್ದರೆ ಮಾರನೆಯ ದಿನ ಬೀಳುವುದೇ ಇಲ್ಲ. ಅಪ್ಪ ಏನೂ ಅನ್ನದೆ ಉಪ್ಪಿನಕಾಯಿ ನೆಕ್ಕಿಕೊಂಡು ಏಳುತ್ತಾರೆ. ನಾನು ಅಂದುಬಿಟ್ಟೆ. 'ನಿಮ್ಮವ್ವ ಬರೋಗಂಟ ಇದೇ ಸಾರು ಕಣಪ್ಪ, ಬೇಕಾದ್ರೆ ತಿನ್ನು, ಇಲ್ದಿದ್ರೆ ಓಡೋಕೆ ಹೋಗು, ನಿಂಗೂ ಬಂದು ಬೇಯ್ಸಾಕ್ತಾಳೆ' ಅಂದಳು. ಅಜ್ಜಿ ತಮಾಷೆಗೆ ಅಂದದ್ದು. ನನಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ. ನನ್ನ ಸ್ವಂತ ತಂಗಿ ಮೇಘಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೋದ ಜೂನ್‌ನಿಂದ ನೀನು ಹದಿನಾಲ್ಕು ಕಾಗದ ಬರೆದಿದ್ದೀಯ. ಕೊನೆಯ ಕಾಗದದಲ್ಲಿ ಅವಳ ಹೆಸರು ಹನ್ನೊಂದು ಸಲ ಇದೆ. ನನ್ನ ಹೆಸರು ಒಂದು ಸಲ, ಅದೂ ಮಿಕ್ಸಿಯನ್ನು ರಿಪೇರಿಗೆ ಕೊಡಲು ಶರತನಿಗೆ ಹೇಳಿ ಎಂದು. ಕೊಟ್ಟಿದ್ದೇನೆ, ರಿಪೇರಿಯವನು ಇನ್ನೂ ಮಾಡಿಕೊಟ್ಟಿಲ್ಲ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಅವಳ ಫೋಟೋವನ್ನು ಅಪ್ಪ ಕತ್ತರಿಸಿ ಮಂಡಿಯ ಗೋಡೆಯಲ್ಲಿ ಬಸವಣ್ಣನ ಪಟದ ಪಕ್ಕಕ್ಕೆ ಅಂಟಿಸಿದ್ದಾರೆ. ಊದಿನಕಡ್ಡಿಯ ಹೊಗೆ ಈಗ ಇಬ್ಬರಿಗೂ ಹೋಗುತ್ತದೆ. ಕಾಯಿ ತರುವ ಬೆಳೆಗಾರರು ನನ್ನನ್ನು ನೋಡಿ 'ಓಡೋ ಹುಡುಗಿ ಅಣ್ಣ ಅಲ್ವೇನಪ್ಪ? ನೀನೇನ್ ಮಾಡ್ಕಂಡಿದೀಯ?' ಎಂದು ಕೇಳುತ್ತಾರೆ. ಒಬ್ಬರಿಗೆ 'ನಿಂತ್ಕಂಡಿದೀನಿ' ಅಂದೆ. ಅಪ್ಪನಿಂದ ಬೈಸಿಕೊಂಡೆ.

ಅವಳಿಗೆ ಓಟ ಕಲಿಸಿದ್ದು ಯಾರು, ಹೇಳು? ಸ್ಕೂಲಿಗೆ ಹೊರಟಾಗ ರೈಲ್ವೆ ಗೇಟು ಬೀಳುವ ಮೊದಲು ದಾಟಬೇಕೆಂದು ಅವಳ ಚೀಲವನ್ನೂ ನಾನೇ ಹೊತ್ತು, 'ಓಡೇ, ಓಡೇ' ಎಂದು ಎಳೆದುಕೊಂಡು ಹೋಗುತ್ತಿದ್ದೆ. ಅವಳು ಆರನೇ ತರಗತಿಯಲ್ಲಿರುವವರೆಗೂ ಗೇಟಿನ ಆಚೆ ಮೊದಲು ಕಾಲಿಡುತ್ತಿದ್ದವನು ನಾನು. ಏಳನೆಯಲ್ಲಿ ಒಂದು ದಿನ ಅವಳು ಮುಂದೆ ಹೋದಳು. ಪಾಪ ಎಂದು ಬಿಟ್ಟುಕೊಟ್ಟೆ ಅಂತ ಅವತ್ತು ನಿನಗೆ ಹೇಳಿದ್ದೆ. ಬಿಟ್ಟುಕೊಟ್ಟಿರಲಿಲ್ಲ.

ಅವಳ ಒಂದೂವರೆ ಸಾವಿರ ಮೀಟರಿನ ಒಂದೊಂದು ಸುತ್ತನ್ನೂ ನೀನು ಗಡಿಯಾರ ಹಿಡಿದು ಎಣಿಸುತ್ತೀಯಂತೆ. ನನ್ನ ಪಿಯುಸಿ ಪರೀಕ್ಷೆಗೆ ನೀನು ಕಾಲೇಜಿನ ಗೇಟಿನವರೆಗೂ ಬರಲಿಲ್ಲ. ಬರಬೇಡ ಎಂದು ನಾನೇ ಹೇಳಿದ್ದು ನಿಜ. ಮೂರನೇ ಪೇಪರಿನ ನಡುವೆ ಕೂರಲಾಗದೆ ಎದ್ದು ಬಂದದ್ದೂ ನಿಜ. ನನಗೆ ಹುಷಾರಿರಲಿಲ್ಲ ಎಂದು ನೀನು ನೆಂಟರಿಗೆಲ್ಲ ಹೇಳುತ್ತೀಯಲ್ಲ, ಅದನ್ನು ಇನ್ನು ಬಿಟ್ಟುಬಿಡು. ನಾನು ಹುಷಾರಾಗಿಯೇ ಇದ್ದೆ.

ನೀನು ಹೋಗುವಾಗ ಹದಿನೈದು ದಿನ ಎಂದು ಹೋದೆ. ಮೇಘಾ ಸೇರಿದ ಕ್ರೀಡಾ ಹಾಸ್ಟೆಲಿನಲ್ಲಿ ಓಡುವವರಿಗೆ ಮೊಟ್ಟೆ, ಹಾಲು ಕೊಡುತ್ತಾರೆ. ಮೊಟ್ಟೆ ನಾವು ಮುಟ್ಟುವವರಲ್ಲ. ಹಾಲು ಮೇಘಾಳಿಗೆ ಚಿಕ್ಕಂದಿನಿಂದಲೂ ಆಗದು, ತುಪ್ಪದ ವಾಸನೆಗೇ ಎದ್ದುಹೋಗುತ್ತಾಳೆ. ಇನ್ನು ಪ್ರೋಟೀನು ಎಲ್ಲಿಂದ ಬರಬೇಕು ಎಂದು ಅವಳ ಕೋಚು ಕೇಳಿದರು, ನೀನು ಕಾಳು ನೆನೆಸಿಕೊಡಲು ಮೈಸೂರಿನಲ್ಲೇ ಕೂತೆ. ದೀಪಾವಳಿಗೆ ಎರಡು ದಿನ ಬಂದವಳು, ಹೊರಡುವಾಗ ಹೊಸಿಲ ಮೇಲೆ ನಿಂತು ಅಂದೆಯಲ್ಲ, 'ಹದಿನೈದು ದಿನ ಕೆಡದೆ ಇರೋ ಅಂಥದ್ದು ಏನಾದ್ರೂ ಇದ್ದಿದ್ರೆ ಡಬ್ಬಕ್ಕೆ ಹಾಕಿಟ್ಟು ಬಂದುಬಿಡ್ತಿದ್ದೆ ಕಣೋ' ಎಂದು. ನೀನು ಮರೆತಿರಬಹುದು. ನಾನು ಆ ಮಾತನ್ನು ಹಿಡಿದುಕೊಂಡೆ.

ಡಿಸೆಂಬರಿನಲ್ಲಿ ಹಾರನಹಳ್ಳಿಯ ಮಠದ ಅಂಗಳದಲ್ಲಿ ಪ್ರಕೃತಿ ಚಿಕಿತ್ಸೆಯ ಶಿಬಿರವಿತ್ತು. ಅಪ್ಪ ಕೊಬ್ಬರಿ ಕೊಟ್ಟು ಬಾ ಎಂದು ಕಳಿಸಿದರು. ಕೊಟ್ಟವನು ಅಲ್ಲೇ ಕೂತೆ. ಡಾಕ್ಟರಮ್ಮ ಒಬ್ಬರು ತಿಂಡಿ ಮಾಡಿ ತೋರಿಸುತ್ತಿದ್ದರು. ಹಾಲಿಲ್ಲ, ತುಪ್ಪವಿಲ್ಲ, ಜೇನು ಕೂಡ ಇಲ್ಲ, ಒಲೆಯಂತೂ ಇಲ್ಲವೇ ಇಲ್ಲ. ಕಾಳು, ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ, ಖರ್ಜೂರ, ಅಷ್ಟೇ. ಕುಟ್ಟಿ, ಒತ್ತಿ, ಬೆರಳುದ್ದದ ಪಟ್ಟಿ ಕತ್ತರಿಸಿದರು. 'ಒಲೆ ಇದ್ರೆ ನಮ್ಮ ಎಷ್ಟೋ ತಪ್ಪನ್ನ ಬೆಂಕಿ ಮುಚ್ಚಿಹಾಕುತ್ತೆ. ಇದರಲ್ಲಿ ಮುಚ್ಚೋರು ಯಾರೂ ಇಲ್ಲ ಕಣ್ರೀ, ಪದಾರ್ಥ ಚೆನ್ನಾಗಿರಬೇಕು' ಅಂದರು. ನಾನು ಕೈಯೆತ್ತಿ ಒಂದೇ ಪ್ರಶ್ನೆ ಕೇಳಿದೆ, ಎಷ್ಟು ದಿನ ಇರುತ್ತೆ? ತೇವ ಇಲ್ಲದಿದ್ದರೆ ಹದಿನೈದು ದಿನಕ್ಕೆ ಮೋಸವಿಲ್ಲ ಅಂದರು. ಬಸ್ಸಿಗೆ ಕಾಯದೆ ನಡೆದುಕೊಂಡೇ ಬಂದೆ, ಅಷ್ಟು ಖುಷಿ. ಮೇಘಾಳ ಕಾಲಿಗೆ ಬಲ ಬರುತ್ತದೆ ಎಂಬ ಖುಷಿ ಅಲ್ಲ ಅಮ್ಮಾ. ನೀನು ಮನೆಗೆ ಬರುತ್ತೀಯ ಎಂಬ ಖುಷಿ.

ಜನವರಿಯೆಲ್ಲ ಅದೇ ಕೆಲಸ. ಹೆಸರುಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ತಾರಸಿಯ ಮೇಲೆ ಒಣಗಿಸಿದೆ. ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ ಬಿಸಿಲಲ್ಲಿ ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿದೆ. ಅಳಿಲು ತಿಂದದ್ದು ಕಾಲು ಭಾಗ. ಮಿಕ್ಸಿ ಕೆಟ್ಟಿದ್ದರಿಂದ ಎಲ್ಲವೂ ಒರಳಿನಲ್ಲೇ. ಖರ್ಜೂರವನ್ನು ಬೀಜ ತೆಗೆದು ಕುಟ್ಟಿದರೆ ಒನಕೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಕೆಳಕ್ಕೆ ಇಳಿಯುವುದೇ ಇಲ್ಲ. ಮೊದಲನೆಯ ಸಲದ್ದು ಹುಳಿಯಾಯಿತು. ಎರಡನೆಯದು ಕೈಯಲ್ಲಿ ಹಿಡಿದರೆ ಉದುರಿತು. ಮೂರನೆಯದು ಎಷ್ಟು ಗಟ್ಟಿಯಾಯಿತೆಂದರೆ ಅಜ್ಜಿ ಅದಕ್ಕೆ ಇಟ್ಟಿಗೆ ಎಂದು ಹೆಸರಿಟ್ಟಳು. 'ಬೇಯಿಸ್ದೆ ತಿನ್ನಾಕೆ ನಾವೇನ್ ದನವೇನ್ಲಾ?' ಎಂದು ಮೂರು ಹೊತ್ತೂ ಬೈದಳು. ನಾಲ್ಕನೆಯ ಸಲ ಎಳ್ಳು ಹೆಚ್ಚಿಗೆ ಹಾಕಿ, ಬಾಳೆಲೆಯ ಮೇಲೆ ಲಟ್ಟಣಿಗೆಯಿಂದ ಒತ್ತಿದೆ. ಸರಿಹೋಯಿತು. ಅಜ್ಜಿಯ ದಿಂಬಿನ ಕೆಳಗೆ ಎರಡು ಪಟ್ಟಿ ಸಿಕ್ಕಿದವು, ಅದರ ಮೇಲೆ ಅವಳು ದನದ ಮಾತು ಎತ್ತಿಲ್ಲ.

ಫೆಬ್ರವರಿ ಹನ್ನೊಂದಕ್ಕೆ ಮೇಘಾಳಿಗೆಂದು ಮಾಡಿದೆ. ಕೊಬ್ಬರಿ ಗಂಡಸಿ ಊರಿನ ನಮ್ಮ ತೋಟದ ಅಟ್ಟದ್ದು. ಶಿವರಾತ್ರಿಗೆ ಬರುತ್ತೇನೆ ಎಂದಿದ್ದ ನೀನು, ಓಟ ಹತ್ತಿರ ಬಂತು, ಬರಲಾಗುವುದಿಲ್ಲ ಎಂದು ಬರೆದಿದ್ದ ಕಾಗದವೂ ಅವತ್ತೇ ಬೆಳಿಗ್ಗೆ ಬಂತು. ಓದಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಕೂತೆ. ಒಂದು ತಟ್ಟೆ ಆಯಿತು. ಎರಡನೇ ತಟ್ಟೆಗೆ ಕೊಬ್ಬರಿ ಸಾಲಲಿಲ್ಲ, ಇನ್ನೊಂದು ಕಾಯಿ ಒಡೆದೆ. ಎರಡೂ ತಟ್ಟೆಯದನ್ನು ಒಂದೇ ಡಬ್ಬಕ್ಕೆ ತುಂಬಿ ಮಾರನೆಯ ದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟೆ. ಮೇಲಿನ ಸಾಲಿನಿಂದ ಒಂದು ತಿಂದು ನೋಡಿದೆ, ಚೆನ್ನಾಗಿದೆ, ಮಿಕ್ಕದ್ದು ಅವಳಿಗಿರಲಿ ಎಂದು ನೀನು ಬರೆದೆ. ನೀನು ತಿಂದದ್ದು ಮೊದಲನೇ ತಟ್ಟೆಯದು.

ಇಪ್ಪತ್ತನೇ ತಾರೀಕಿನ ಆಯ್ಕೆಯ ಓಟದಲ್ಲಿ ಮೇಘಾ ನಾಲ್ಕನೆಯವಳಾದಳು, ಮೂವರನ್ನು ತೆಗೆದುಕೊಂಡರು. ಹಿಂದಿನ ದಿನದಿಂದ ವಾಂತಿ, ಭೇದಿ, ಮಧ್ಯಾಹ್ನ ಹಾಸ್ಟೆಲಿನಲ್ಲಿ ತಿಂದ ಚಿತ್ರಾನ್ನದಿಂದ ಹೀಗಾಯಿತಂತೆ ಎಂದು ನೀನು ಬರೆದಿದ್ದೆ. ಅದು ಚಿತ್ರಾನ್ನದಿಂದ ಅಲ್ಲ ಅಮ್ಮಾ. ಪಾಪದ ಆ ಅಡುಗೆಯವರ ಹತ್ತಿರ ಜಗಳ ಆಡಿದೆಯಂತೆ, ದಯವಿಟ್ಟು ಅವರಿಗೆ ಒಂದು ಮಾತು ಹೇಳು. ಎರಡನೇ ತಟ್ಟೆಗೆ ಹಾಕಿದ ಕೊಬ್ಬರಿ ಪೂರ್ತಿ ಒಣಗಿರಲಿಲ್ಲ. ಅಟ್ಟದಲ್ಲಿ ಒಂದು ವರ್ಷ ಇದ್ದ ಕಾಯಿಯಲ್ಲಿ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಅದು. ಮಂಡಿಯಲ್ಲಿ ನನ್ನ ಕಿವಿಯಷ್ಟು ಚುರುಕಾದ ಕಿವಿ ಇಲ್ಲ ಎಂದು ನಮ್ಮ ತಮ್ಮಯ್ಯ, ಮೂವತ್ತು ವರ್ಷದಿಂದ ಕಾಯಿ ಒಡೆಯುತ್ತಿರುವವನು, ಹೇಳುತ್ತಾನೆ. ಆ ದಿನ ಅವಸರದಲ್ಲಿ ಅಲ್ಲಾಡಿಸಿ ನೋಡುವುದನ್ನು ಮರೆತು ಒಡೆದುಬಿಟ್ಟೆ. ಡಬ್ಬದ ತಳದಲ್ಲಿದ್ದದ್ದು ಎಂಟು ದಿನಕ್ಕೆ ಬೂಷ್ಟು ಹಿಡಿದಿರಬೇಕು.

ಮೇಘಾಳಿಗೆ ಇದು ಗೊತ್ತು. ಓಟವಾದ ನಾಲ್ಕನೇ ದಿನ ಮಂಡಿಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ಇನ್‌ಲ್ಯಾಂಡ್ ಬಂತು. 'ಅಣ್ಣ, ಕೊಬ್ಬರಿ ಹಸಿ ಇತ್ತು. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ತಳದಲ್ಲಿ ಉಳಿದದ್ದನ್ನು ಎಸೆದೆ, ಮೇಲಿನದು ತುಂಬಾ ಚೆನ್ನಾಗಿತ್ತು ಕಣೋ. ಏಪ್ರಿಲ್ ಹತ್ತಕ್ಕೆ ಇನ್ನೊಂದು ಆಯ್ಕೆ ಇದೆ. ಮತ್ತೆ ಮಾಡಿ ಕಳಿಸು' ಎಂದು. ಅದನ್ನು ಓದಿ ಅವಳ ಮೇಲೆ ಪ್ರೀತಿ ಬರಬೇಕಿತ್ತು. ಬರಲಿಲ್ಲ, ಇನ್ನಷ್ಟು ಹೊಟ್ಟೆ ಉರಿಯಿತು. ಓಟದಲ್ಲೂ ಅವಳೇ ಮುಂದೆ, ದೊಡ್ಡತನದಲ್ಲೂ ಅವಳೇ ಮುಂದೆ. ನನಗೆ ಅಂತ ಏನು ಉಳಿಯಿತು? ಅವಳು ನನ್ನನ್ನು ಕಾಪಾಡುವುದು ಬೇಡ ಎಂದೇ ಈ ಕಾಗದ ಬರೆಯುತ್ತಿದ್ದೇನೆ. ಅಪ್ಪನಿಗೆ ನಿನ್ನೆ ಹೇಳಿದೆ. ಅವರು ತಕ್ಕಡಿಯನ್ನು ಒರೆಸುತ್ತಾ ಇದ್ದರು. 'ನಿಮ್ಮಮ್ಮಂಗೆ ಬರಿ' ಎಂದರು.

ಮೊನ್ನೆ ಗಂಡಸಿಯ ತೋಟಕ್ಕೆ ಹೋಗಿ ಅಟ್ಟ ಹತ್ತಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಆರಿಸಿದೆ. ತಮ್ಮಯ್ಯ ಕೆಳಗಿನಿಂದ 'ಹೆಣ್ ನೋಡಕ್ ಹೋದಂಗೆ ನೋಡ್ತೀಯಲ್ಲ ಶರತಪ್ಪ, ಒತ್ತು ಮುಳುಗ್ತೈತೆ, ಇಳಿಯಪ್ಪ' ಎಂದು ಕೂಗಿದ. ಹನ್ನೆರಡು ಕಾಯಿ ತಂದೆ. ಒಡೆದ ಮೇಲೂ ಪ್ರತಿಯೊಂದು ಕೊಬ್ಬರಿ ಗಿಟುಕನ್ನು ಮುರಿದು ನೋಡಿ, ತುರಿದು, ಒಂದು ಬಿಸಿಲು ಹೆಚ್ಚಿಗೆ ಕೊಟ್ಟಿದ್ದೇನೆ. ಪಟ್ಟಿಗಳನ್ನು ಬೇಕರಿಯಿಂದ ತಂದ ಕಾಗದದಲ್ಲಿ ಬೇರೆಬೇರೆ ಸುತ್ತಿ, ಒಂದೊಂದರ ಮೇಲೂ ತಾರೀಕು ಬರೆದಿದ್ದೇನೆ. ದಿನಕ್ಕೆ ಎರಡು, ಓಡಿ ಬಂದ ಮೇಲೆ. ತಮ್ಮಯ್ಯ ಸಂಜೆಯ ರೈಲಿಗೆ ಮೈಸೂರಿನ ಮಗಳ ಮನೆಗೆ ಹೊರಟಿದ್ದಾನೆ, ಡಬ್ಬವನ್ನೂ ಈ ಕಾಗದವನ್ನೂ ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಊಟ ಹಾಕದೆ ಕಳಿಸಬೇಡ.

ಚಿಕ್ಕಮ್ಮ, ಚಿಕ್ಕಪ್ಪನಿಗೆ ನನ್ನ ಶರಣು ತಿಳಿಸು. ಅಜ್ಜಿ ನಿನಗೂ ಮೊಮ್ಮಗಳಿಗೂ ಒಳ್ಳೆಯದಾಗಲಿ ಎಂದು ಹರಸಿ, ಪಟ್ಟಿಗಳಿಗೆ ತಾನೇ ವಿಭೂತಿ ಹಚ್ಚಲು ಬಂದಿದ್ದಳು, ತಡೆದೆ. ಮೇಘಾಳಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಡಬ್ಬ ಕೊಡು, ಸಾಕು.

ಇಂತಿ ನಿನ್ನ ಮಗ,
ಶರತ

ಮರೆತಿದ್ದು: ತಮ್ಮಯ್ಯ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಅಂಟಿಸಿದ್ದ ಕವರನ್ನು ಹರಿದು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ ಅಮ್ಮಾ. ಅಲ್ಲಾಡಿಸಲು ಮರೆತಿರಲಿಲ್ಲ. ಅಲ್ಲಾಡಿಸಿದೆ, ಸದ್ದು ಬರಲಿಲ್ಲ. ಒಡೆದಾಗ ಕಾಯಿಯ ಕಣ್ಣಿನ ಹತ್ತಿರ ಮೆತ್ತಗಿತ್ತು, ಬೆರಳಿಗೆ ತೇವ ಹತ್ತಿತು. ಜೇಬಿನಲ್ಲಿ ನಿನ್ನ ಶಿವರಾತ್ರಿಯ ಕಾಗದವಿತ್ತು. ಅವಳಿಗೆ ಇದೇ ಸಾಕು ಅಂದುಕೊಂಡು ತುರಿದೆ. ಕಾಯಿಲೆ ಬೀಳಲಿ ಎಂದು ಅಲ್ಲ, ಆದರೆ ಒಳ್ಳೆಯದು ಸಿಗಲಿ ಎಂದೂ ಅಲ್ಲ. ಇದನ್ನು ಮೇಘಾಳಿಗೂ ಓದಿ ಹೇಳು, ಆಮೇಲೆ ಅವಳು ತಿನ್ನಲಿ, ಬಿಡಲಿ. ಡಬ್ಬದ ಜೊತೆ ಒಡೆಯದ ಕಾಯಿ ಒಂದನ್ನು ಇಟ್ಟಿದ್ದೇನೆ, ಈ ಸಲದ ಹನ್ನೆರಡರಲ್ಲಿ ಉಳಿದದ್ದು. ನೀನೇ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿ ಅವಳಿಗೆ ಕೊಡು. ನನ್ನನ್ನು ಬೈಯುವುದಕ್ಕಾದರೂ ಒಂದು ಸಲ ಮನೆಗೆ ಬಾ. ಆದರೆ ಈಗ ಬೇಡ, ಏಪ್ರಿಲ್ ಹತ್ತು ಕಳೆದ ಮೇಲೆ ಬಾ.